ಉಯಿಲಿನಲ್ಲಿ ಮನೆತನದ ಜಾಡು

ಮುತ್ತಜ್ಜನ ಹೆಸರು ಗೊತ್ತಿರುತ್ತದೆ, ಅವರಪ್ಪನ ಹೆಸರು ಕೇಳಿದರೆ ಮನೆಮಂದಿ ಮುಖ ಮುಖ ನೋಡಿಕೊಳ್ಳುತ್ತಾರೆ. ಶ್ರಾದ್ಧ ಮಾಡುವ ಮನೆಗಳಲ್ಲಿ ಮೂರು ತಲೆಮಾರು ಬಾಯಿಗೆ ಬರುತ್ತದೆ. ವಂಶಾವಳಿ ಹೇಳುವ ಹೆಳವರು ಬಂದು ಹೋಗುವ ಮನೆಗಳಲ್ಲಿ ಅದಕ್ಕಿಂತ ಹಿಂದಿನದೂ ಸಿಗುತ್ತದೆ. ಆದರೆ ಇವೆಲ್ಲ ಬಹುಪಾಲು ಗಂಡಸರ ಹೆಸರುಗಳ ಸಾಲು. ಅಣ್ಣತಮ್ಮಂದಿರು ಯಾವಾಗ ಬೇರೆಯಾದರು, ಎರಡನೇ ಮದುವೆ ಯಾಕಾಯಿತು, ಗಂಡ ಸತ್ತ ಮೇಲೆ ತವರಿಗೆ ಬಂದ ಅತ್ತೆ ಎಲ್ಲಿದ್ದಳು ಎಂಬುದೆಲ್ಲ ತಿಳಿಯಬೇಕಾದರೆ ಆಸ್ತಿಯ ಕಾಗದ ಬಿಚ್ಚಬೇಕು. ಅದರಲ್ಲೂ ಉಯಿಲು. ಕ್ರಯಪತ್ರ ಬರೆಯುವವನು ಏನು ಮಾರಿದೆ ಎಂದಷ್ಟೇ ಹೇಳುತ್ತಾನೆ. ಉಯಿಲು ಬರೆಯುವವನಿಗೆ ತಾನು ಸತ್ತ ಮೇಲೆ ಜಗಳವಾಗುತ್ತದೆಂದು ಗೊತ್ತು, ಹಾಗಾಗಿ ಯಾರಿಗೆ ಯಾಕೆ ಕೊಟ್ಟೆ, ಯಾರಿಗೆ ಯಾಕೆ ಕೊಡಲಿಲ್ಲ ಎಂದು ಕಾರಣ ಬರೆಸುತ್ತಾನೆ. ಮನೆತನದ ಚರಿತ್ರೆ ಅಡಗಿರುವುದು ಆ ಕಾರಣದ ಸಾಲುಗಳಲ್ಲಿ.

‘ನಮ್ಮ ಹಿರಿಯರು ಉಯಿಲು ಗಿಯಿಲು ಬರೆದವರಲ್ಲ’ ಎನ್ನುವವರ ಮಾತು ಅರ್ಧ ಸರಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬರುವ ಮೊದಲು ಅವಿಭಕ್ತ ಕುಟುಂಬದ ಸದಸ್ಯ ಪಿತ್ರಾರ್ಜಿತದಲ್ಲಿನ ತನ್ನ ಪಾಲನ್ನು ಉಯಿಲಿನ ಮೂಲಕ ಕೊಡುವಂತಿರಲಿಲ್ಲ. ಹೀಗಾಗಿ ಹಳೆಯ ಉಯಿಲುಗಳು ಹೆಚ್ಚಾಗಿ ಸ್ವಯಾರ್ಜಿತ ಇದ್ದವರವು: ವಕೀಲರು, ಸರ್ಕಾರಿ ನೌಕರರು, ಮಂಡಿ ವ್ಯಾಪಾರಿಗಳು. ಮಕ್ಕಳಿಲ್ಲದವರೂ ಬರೆಸುತ್ತಿದ್ದರು. ಒಕ್ಕಲು ಮನೆತನದ ಕಥೆಗೆ ಪಾಲು ಪಾರೀಖತ್ತು, ದತ್ತುಪತ್ರ, ಹಕ್ಕು ಬಿಡುಗಡೆ ಪತ್ರಗಳನ್ನೂ ಜೊತೆಗಿಟ್ಟು ಓದಬೇಕು. ಹಳೇ ಮೈಸೂರಿನವರಿಗೆ ಇಲ್ಲೊಂದು ಅನುಕೂಲವಿದೆ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಂಗಸರ ಹಕ್ಕುಗಳ ಕಾಯ್ದೆ ತಂದು ಪಾಲಿನಲ್ಲಿ ತಾಯಿ, ವಿಧವೆ, ಮದುವೆಯಾಗದ ಹೆಣ್ಣುಮಕ್ಕಳಿಗೂ ಅಂಶ ಕೊಟ್ಟಿತು. ಆ ನಂತರದ ಪಾಲುಪತ್ರಗಳಲ್ಲಿ ಹೆಂಗಸರ ಹೆಸರು ಸಿಗುವ ಸಂಭವ ಹೆಚ್ಚು.

ಹುಡುಕಾಟವನ್ನು ಈಗಿನಿಂದ ಹಿಂದಕ್ಕೆ ನಡೆಸಿ. ಊರಿನ ಜಮೀನಿನ ಪಹಣಿ ತೆಗೆಯಿರಿ. ಅದರಲ್ಲಿ ಹಕ್ಕು ಬದಲಾವಣೆಯ ಎಂ.ಆರ್. ನಂಬರಿರುತ್ತದೆ. ಆ ನಂಬರು ಹಿಡಿದು ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮ್ಯುಟೇಶನ್ ನಕಲಿಗೆ ಅರ್ಜಿ ಕೊಡಿ. ಅಲ್ಲಿ ‘ಪೌತಿ’ ಎಂದಿದ್ದರೆ ಖಾತೆದಾರರು ತೀರಿಕೊಂಡು ವಾರಸುದಾರರಿಗೆ ಖಾತೆಯಾಯಿತೆಂದು ತಿಳಿಯಬೇಕು. ‘ವಿಲ್ ಮೇರೆಗೆ’ ಅಥವಾ ‘ಮರಣಶಾಸನದ ಮೇರೆಗೆ’ ಎಂದಿದ್ದರೆ ನಿಮ್ಮ ಅದೃಷ್ಟ, ಪತ್ರದ ತಾರೀಖು, ನಂಬರು ಅಲ್ಲೇ ಇರಬಹುದು. ಧಾರವಾಡದ ಕಡೆ ಇದೇ ಕಾಗದ ಮೃತ್ಯುಪತ್ರ, ಮ್ಯುಟೇಶನ್ನಿನ ಮೂಲ ಅಲ್ಲಿ ವರ್ದಿ. ಕೇಳುವಾಗ ಆ ಹೆಸರಲ್ಲೇ ಕೇಳಿದರೆ ಕೆಲಸ ಬೇಗ.

ಮುಂದಿನ ಮೆಟ್ಟಿಲು ಸಬ್ ರಿಜಿಸ್ಟ್ರಾರ್ ಆಫೀಸು. ಇಲ್ಲಿ ಬಹಳ ಜನ ದಾರಿ ತಪ್ಪುತ್ತಾರೆ. ಋಣಭಾರ ಪತ್ರ, ಅಂದರೆ ಇ.ಸಿ. ತೆಗೆಸಿ, ಅದರಲ್ಲಿ ಉಯಿಲು ಕಾಣಲಿಲ್ಲವೆಂದು ಕೈಬಿಡುತ್ತಾರೆ. ಕಾಣುವುದೇ ಇಲ್ಲ! ಕ್ರಯ, ಪಾಲು, ಅಡಮಾನಗಳು 1ನೇ ಪುಸ್ತಕದಲ್ಲಿ ದಾಖಲಾಗುತ್ತವೆ, ಇ.ಸಿ. ತಯಾರಾಗುವುದು ಅದರಿಂದ. ಉಯಿಲು ಮತ್ತು ದತ್ತು ತೆಗೆದುಕೊಳ್ಳಲು ಕೊಟ್ಟ ಅಧಿಕಾರಪತ್ರಗಳದ್ದು 3ನೇ ಪುಸ್ತಕ, ಅದಕ್ಕೆ ಬೇರೆಯೇ ಸೂಚಿ. 1908ರ ನೋಂದಣಿ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ, ಬರೆದವರು ಬದುಕಿರುವಾಗ ಇದರ ನಕಲು ಅವರಿಗೆ ಅಥವಾ ಅವರ ಏಜೆಂಟರಿಗೆ ಮಾತ್ರ. ಅವರು ತೀರಿಕೊಂಡ ಮೇಲೆ ಅರ್ಜಿ ಹಾಕಿದ ಯಾರಿಗೆ ಬೇಕಾದರೂ ಕೊಡಬಹುದು. ಆದ್ದರಿಂದ ಮರಣ ಪ್ರಮಾಣಪತ್ರವೋ ಪೌತಿಯ ದಾಖಲೆಯೋ ಕೈಯಲ್ಲಿಟ್ಟುಕೊಂಡು, ‘3ನೇ ಪುಸ್ತಕದ ಸೂಚಿಯಲ್ಲಿ ಹುಡುಕಿಸಿ ನಕಲು ಕೊಡಬೇಕು’ ಎಂದು ಸ್ಪಷ್ಟವಾಗಿ ಬರೆದುಕೊಡಿ. ಇನ್ನೂ ಒಂದು ಜಾಗವಿದೆ: ಉಯಿಲನ್ನು ಲಕೋಟೆಯಲ್ಲಿಟ್ಟು ಅರಗಿನ ಮೊಹರು ಹಾಕಿ ಜಿಲ್ಲಾ ನೋಂದಣಾಧಿಕಾರಿಯ ವಶಕ್ಕೆ ಕೊಡುವ ಪದ್ಧತಿಗೂ ಅದೇ ಕಾಯ್ದೆಯಲ್ಲಿ ಅವಕಾಶವಿದೆ. ಅದನ್ನು ಸತ್ತ ನಂತರ ಒಡೆದು 3ನೇ ಪುಸ್ತಕಕ್ಕೆ ನಕಲು ಮಾಡುತ್ತಾರೆ.

ಉಯಿಲನ್ನು ರಿಜಿಸ್ಟರ್ ಮಾಡಿಸಲೇಬೇಕೆಂಬ ನಿಯಮ ಇಲ್ಲ, ಎಷ್ಟೋ ಪತ್ರಗಳು ಟ್ರಂಕಿನಲ್ಲೇ ಉಳಿದುಹೋಗಿವೆ. ಹಾಗಾದಾಗ ಕೋರ್ಟಿನ ಕಡತ ನೋಡಬೇಕು. ಮೈಸೂರು ಸೀಮೆಯ ಹಿಂದೂಗಳಿಗೆ ಪ್ರೊಬೇಟ್, ಅಂದರೆ ಉಯಿಲಿಗೆ ಕೋರ್ಟಿನ ದೃಢೀಕರಣ, ಕಡ್ಡಾಯವಾಗಿರಲಿಲ್ಲ. ಬೊಂಬಾಯಿ, ಮದರಾಸು ನಗರಗಳಲ್ಲಿ ಕಡ್ಡಾಯವಿತ್ತು. ಆದ್ದರಿಂದ ಅಲ್ಲಿಗೆ ಹೋಗಿ ಹೋಟೆಲಿಟ್ಟು ಕಟ್ಟಡ ಕೊಂಡ ಕರಾವಳಿಯವರ ಉಯಿಲನ್ನು ಆಯಾ ಹೈಕೋರ್ಟಿನಲ್ಲಿ ಅರಸಬೇಕು. ಕ್ರೈಸ್ತರಿಗೆ ಈ ಕಡ್ಡಾಯ ತೆಗೆದದ್ದು 2002ರಲ್ಲಿ. ಹೀಗಾಗಿ ಮಂಗಳೂರಿನ ಕ್ರೈಸ್ತ ಮನೆತನಗಳವರಿಗೆ ಜಿಲ್ಲಾ ನ್ಯಾಯಾಲಯದ ಹಳೆಯ ಪ್ರೊಬೇಟ್ ಕಡತಗಳು ಉಪಯೋಗಕ್ಕೆ ಬರುತ್ತವೆ. ಉಯಿಲಿಲ್ಲದೆ ಸತ್ತವರ ಬ್ಯಾಂಕಿನ ಹಣಕ್ಕೋ ಸಾಲ ವಸೂಲಿಗೋ ಉತ್ತರಾಧಿಕಾರ ಪ್ರಮಾಣಪತ್ರ ಕೇಳಿದ ಅರ್ಜಿಗಳನ್ನಂತೂ ಬಿಡಬೇಡಿ. ಮೃತರ ಕುಟುಂಬದವರು, ಹತ್ತಿರದ ನೆಂಟರು, ಅವರು ವಾಸವಿರುವ ಊರು ಇಷ್ಟನ್ನೂ ಆ ಅರ್ಜಿಯಲ್ಲಿ ಹೇಳಬೇಕೆಂದು ಕಾನೂನೇ ವಿಧಿಸಿದೆ. ಬೇರೆಲ್ಲೂ ಇಷ್ಟು ಸಲೀಸಾಗಿ ಸಂಸಾರದ ಪಟ್ಟಿ ಸಿಗಲಾರದು.

ಇನ್ನು ಓದುವ ಬಗೆ. 1943ರ ಸುಮಾರಿಗೆ ತುಮಕೂರು ಸೀಮೆಯ ಒಬ್ಬರು ಹೀಗೆ ಬರೆಸಿದ್ದಾರೆಂದು ಇಟ್ಟುಕೊಳ್ಳಿ. ವ್ಯಕ್ತಿ ಕಲ್ಪನೆ, ಒಕ್ಕಣೆ ಮಾತ್ರ ಆ ಕಾಲದ್ದು. “ನನಗೆ ಸುಮಾರು 62 ವರ್ಷ. ಹಿರಿಯ ಹೆಂಡತಿ ಕಾಲವಾಗಿ, ಆಕೆಯಲ್ಲಿ ಹುಟ್ಟಿದ ಮಗನು ಪ್ರಮಾಥಿ ಸಂವತ್ಸರದಲ್ಲಿಯೇ ಪಾಲು ಹೊಂದಿ ಬೇರೆಯಾಗಿರುತ್ತಾನೆ. ನನ್ನ ಸ್ವಯಾರ್ಜಿತವು ಕಿರಿಯ ಹೆಂಡತಿಯ ಇಬ್ಬರು ಮೈನರ್ ಮಕ್ಕಳಿಗೆ ಸೇರತಕ್ಕದ್ದು. ಅವರಿಗೆ ಅವರ ಸೋದರಮಾವನೇ ಪೋಷಕನಾಗಿರತಕ್ಕದ್ದು. ನನ್ನ ಕಾಯಿಲೆಯಲ್ಲಿ ಶುಶ್ರೂಷೆ ಮಾಡಿದ ನನ್ನ ತಂಗಿಗೆ ಆಕೆಯ ಜೀವಮಾನ ಪರ್ಯಂತ ಹಿತ್ತಲ ಮನೆಯಲ್ಲಿ ವಾಸದ ಹಕ್ಕೂ ವರ್ಷಕ್ಕೆ ನಾಲ್ಕು ಪಲ್ಲ ರಾಗಿಯೂ ಸಲ್ಲತಕ್ಕದ್ದು.”

ಕೆಲವೇ ಸಾಲು, ಅದರಲ್ಲಿ ಎಷ್ಟೊಂದಿದೆ ನೋಡಿ. ಬರೆದವರು ಹುಟ್ಟಿದ್ದು 1881ರ ಆಸುಪಾಸು. ‘ಸುಮಾರು’ ಎಂಬುದನ್ನು ಸುಮಾರಾಗಿಯೇ ತೆಗೆದುಕೊಳ್ಳಬೇಕು, ಅಂದಿನವರ ವಯಸ್ಸು ಐದಾರು ವರ್ಷ ಆಚೀಚೆ. ಪ್ರಮಾಥಿ ಎಂದರೆ 1939-40, ಅಲ್ಲಿಗೆ ಪಾಲುಪತ್ರ ಯಾವ ವರ್ಷದ ಪುಸ್ತಕದಲ್ಲಿ ಹುಡುಕಬೇಕೆಂದು ಗೊತ್ತಾಯಿತು. (ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ, 1879-80 ಕೂಡ ಪ್ರಮಾಥಿಯೇ. ಸುತ್ತಲಿನ ವಿವರ ನೋಡಿ ತೀರ್ಮಾನಿಸಬೇಕು.) ಬೆಳೆದ ಮಗನಿರುವಾಗ ಮೈನರುಗಳನ್ನು ಹೆಂಡತಿಯ ಸೋದರನಿಗೆ ಒಪ್ಪಿಸಿದ್ದಾರೆ. ಅದು ಸುಮ್ಮನೆ ಬರೆಸಿದ ಮಾತಲ್ಲ. ಪಾಲಿನ ಹೊತ್ತಿಗೆ ಮನಸ್ತಾಪವಾಗಿತ್ತೇ ಎಂದು ಕೇಳಿಕೊಳ್ಳಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಆ ತಂಗಿ. ಅಣ್ಣನ ಹಿತ್ತಲ ಮನೆಯಲ್ಲಿ ರಾಗಿಯ ಲೆಕ್ಕದಲ್ಲಿ ಬದುಕಿದ ಹೆಂಗಸು ಬಹುಶಃ ವಿಧವೆ. ಯಾವ ವಂಶವೃಕ್ಷದಲ್ಲೂ ಅವಳಿಗೊಂದು ಕೊಂಬೆ ಇರುವುದಿಲ್ಲ, ಅವಳ ಗುರುತು ಉಳಿದಿರುವುದು ಈ ಪತ್ರದಲ್ಲೊಂದೇ ಇರಬಹುದು.

ಆಸ್ತಿಯ ವಿವರ ಕೊಡುವ ಷೆಡ್ಯೂಲನ್ನು ಹಾರಿಸಿ ಓದುವವರೇ ಹೆಚ್ಚು, ನನಗೆ ಅದೇ ಇಷ್ಟ. 42/1, 42/2, 42/3 ಎಂದು ಒಂದೇ ಸರ್ವೆ ನಂಬರಿನ ಹಿಸ್ಸೆಗಳು ಕಂಡರೆ, ಹಿಂದೆಂದೋ ಮೂವರು ಅಣ್ಣತಮ್ಮಂದಿರು ಹಂಚಿಕೊಂಡಿರುವ ಸಾಧ್ಯತೆ ಇದೆ. ಆಮೇಲೆ ಚಕ್ಕುಬಂದಿ ನೋಡಿ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಇಂಥವರದು ಎಂದು ಬರೆದ ಹೆಸರುಗಳಲ್ಲಿ ನೀವು ಕೇಳಿಯೇ ಇರದ ದಾಯಾದಿಗಳು ಸಿಗಬಹುದು. ಸಾಕ್ಷಿ ಹಾಕಿದವರು ಬೀಗರೋ ನೆರೆಯವರೋ ಎಂದು ವಿಚಾರಿಸಿ. ‘ಬಿಕ್ಕಲಂ’ ಎಂದು ಕೊನೆಯಲ್ಲಿ ಸಹಿ ಮಾಡಿದವನು ಪತ್ರ ಬರೆದವನು.

ಮೈಸೂರು ಪತ್ರಗಳಲ್ಲಿ ‘ಬಿನ್’ ಎಂದರೆ ಮಗ, ‘ಕೋಂ’ ಎಂದರೆ ಹೆಂಡತಿ. ಮದುವೆಯಾದ ಹೆಂಗಸಿನ ಹೆಸರಿಗೆ ಕೋಂ ಅಂಟಿದ ಕೂಡಲೇ ಅವಳಪ್ಪ ದಾಖಲೆಯಿಂದ ಮಾಯ. ಅವಳ ತವರು ಗೊತ್ತಾಗಬೇಕಾದರೆ ಅರಿಶಿನ-ಕುಂಕುಮಕ್ಕೆಂದು ಬರೆದುಕೊಟ್ಟ ಜಮೀನಿನ ದಾನಪತ್ರ ಹುಡುಕಿ. ‘ಅಣ್ಣ’ ಎಂದಿದ್ದರೆ ದೊಡ್ಡಪ್ಪನ ಮಗನೂ ಆಗಬಹುದು, ಒಡಹುಟ್ಟಿದವನಾದರೆ ಸಾಮಾನ್ಯವಾಗಿ ‘ಖಾಸಾ ಅಣ್ಣ’ ಎಂದು ಬಿಡಿಸಿ ಬರೆಯುತ್ತಿದ್ದರು.

ದಕ್ಷಿಣ ಕನ್ನಡ, ಉಡುಪಿಯ ಅಳಿಯಸಂತಾನ ಮನೆತನಗಳಲ್ಲಿ ಈ ಲೆಕ್ಕವೆಲ್ಲ ತಿರುಗಿ ನಿಲ್ಲುತ್ತದೆ. ಅಲ್ಲಿ ಕುಟುಂಬ ಹರಿಯುವುದು ತಾಯಿಯ ಕಡೆಯಿಂದ. ಮಗ ತಾಯಿಯ ಕುಟುಂಬದವನು, ತಂದೆಯ ಕುಟುಂಬದವನಲ್ಲ. 1949ರ ಅಳಿಯಸಂತಾನ ಕಾಯ್ದೆಯ ನಂತರದ ಪಾಲುಪತ್ರಗಳು ಕುಟುಂಬವನ್ನು ಕವರುಗಳಾಗಿ, ಅಂದರೆ ಶಾಖೆಗಳಾಗಿ, ವಿಂಗಡಿಸುತ್ತವೆ. ಸಂತತಿ ಕವರು ಯಾವುದು, ನಿಸ್ಸಂತತಿ ಕವರು ಯಾವುದು ಎಂದು ಹೆಸರು ಸಮೇತ. ಹೆಣ್ಣು ಪೀಳಿಗೆಯ ವಂಶಾವಳಿ ಇಷ್ಟು ಚೊಕ್ಕವಾಗಿ ಬೇರೆ ಸೀಮೆಯಲ್ಲಿ ಸಿಗುವುದು ಅಪರೂಪ. ತಂದೆಯೊಬ್ಬ ಸ್ವಂತ ದುಡಿಮೆಯನ್ನು ಹೆಂಡತಿ ಮಕ್ಕಳಿಗೆಂದು ಉಯಿಲು ಬರೆದಿದ್ದರೆ, ಅಳಿಯಂದಿರನ್ನು, ಅಂದರೆ ಅಕ್ಕತಂಗಿಯರ ಮಕ್ಕಳನ್ನು, ಎದುರು ಹಾಕಿಕೊಂಡೇ ಬರೆದಿರಬೇಕು. ಅಂಥ ಪತ್ರದ ಕಾರಣದ ಸಾಲುಗಳನ್ನು ಎರಡು ಸಲ ಓದಿ.

ಬೊಂಬಾಯಿ ಕರ್ನಾಟಕದ ಹಳೆಯ ಕಾಗದ ಮರಾಠಿಯ ಮೋಡಿ ಲಿಪಿಯಲ್ಲೂ, ಕಲಬುರಗಿ, ಬೀದರ್ ಕಡೆಯದು ಉರ್ದುವಿನಲ್ಲೂ ಇರಬಹುದು. ಓದಬಲ್ಲವರ ನೆರವು ಬೇಕು. ಕಾಗದದಲ್ಲಿ ಕಂದಾಯ ಲೆಕ್ಕದ ಫಸಲಿ ವರ್ಷ ಇದ್ದರೆ, ಅದಕ್ಕೆ 590 ಕೂಡಿಸಿದರೆ ಇಸವಿ ಬರುತ್ತದೆ.

ಉಯಿಲಿನಲ್ಲಿ ಹೆಸರಿಲ್ಲವೆಂದ ಮಾತ್ರಕ್ಕೆ ಆ ಮಗ ಸತ್ತಿದ್ದ, ಅಥವಾ ಅಪ್ಪನಿಗೆ ಬೇಡವಾಗಿದ್ದ ಎಂದು ಬರೆದುಕೊಳ್ಳಬೇಡಿ. ಮೊದಲೇ ಪಾಲು ತೆಗೆದುಕೊಂಡಿರಬಹುದು. ಮಗಳಿಗೆ ಮದುವೆಯಲ್ಲೇ ಕೊಟ್ಟಾಯಿತೆಂಬ ಲೆಕ್ಕವಿರಬಹುದು. ಉಯಿಲಿನ ತಾರೀಖೂ ಸಾವಿನ ತಾರೀಖೂ ಒಂದಲ್ಲ, ನಡುವೆ ಇಪ್ಪತ್ತು ವರ್ಷ ಇದ್ದೀತು. ಕೋರ್ಟು ಮನ್ನಿಸುವುದು ಕೊನೆಯ ಉಯಿಲನ್ನು. ನಿಮಗೆ ರದ್ದಾದ ಹಳೆಯದೂ ಬೇಕು: ಮೊದಲಿನದರಲ್ಲಿದ್ದ ಹೆಸರು ಎರಡನೆಯದರಲ್ಲಿ ಬಿಟ್ಟುಹೋಗಿದ್ದರೆ ಆ ನಡುವೆ ಏನೋ ನಡೆದಿದೆ. ಕಾರಣ ಹೇಳಿರುವುದು ಒಬ್ಬರ ಬಾಯಿಂದ ಎಂಬುದೂ ನೆನಪಿರಲಿ. ದಾವೆ ಆಗಿದ್ದರೆ ಎದುರು ಪಕ್ಷದ ತಕರಾರನ್ನೂ ತರಿಸಿ ಓದಿ. ದಾಯಭಾಗದ ದಾವೆಗಳಲ್ಲಿ ಎರಡೂ ಕಡೆಯವರು ವಂಶಾವಳಿ ಕೊಡುತ್ತಾರೆ, ಎರಡೂ ಒಂದೇ ಥರ ಇರುವುದಿಲ್ಲ.

ಕಚೇರಿಗಿಂತ ಕಷ್ಟದ್ದು ಮನೆಯವರನ್ನು ಒಪ್ಪಿಸುವುದು. ಹಳೆಯ ಪತ್ರ ಎಲ್ಲಿದೆ ದೊಡ್ಡಪ್ಪ ಎಂದು ಕೇಳಿದರೆ ಸಾಕು, ‘ಏನಪ್ಪಾ, ಪಾಲು ಕೇಳೋಕೆ ಬಂದ್ಯಾ?’ ಎಂದು ಅನುಮಾನ ಶುರುವಾಗುತ್ತದೆ. ಆಸ್ತಿ ಇತ್ಯರ್ಥವಾಗದ ಮನೆಯಲ್ಲಿ ಆ ಅನುಮಾನಕ್ಕೆ ಅರ್ಥವೂ ಇದೆ. ಅಸಲು ಪತ್ರ ಕೇಳಲೇಬೇಡಿ. ನಂಬರು, ತಾರೀಖು, ಯಾವ ಕಚೇರಿ ಎಂಬಷ್ಟನ್ನು ಬರೆದುಕೊಂಡು ದೃಢೀಕೃತ ನಕಲನ್ನು ನೀವೇ ತೆಗೆಸಿ, ಒಂದು ಪ್ರತಿ ದೊಡ್ಡಪ್ಪನ ಕೈಗೂ ಕೊಡಿ. ಪತ್ರ ಓದುತ್ತ ಕೂತಾಗ ‘ಈ ಸಾಕ್ಷಿ ಹಾಕಿದಾನಲ್ಲ, ಇವನು ಯಾರು ಗೊತ್ತೇನು’ ಎಂದು ಅವರೇ ಶುರು ಮಾಡಿದರೆ, ಪೆನ್ನು ಹತ್ತಿರ ಇರಲಿ.