ದುರ್ಯೋಧನನ ತೊಡೆ, ಗುಬ್ಬಿ ಕಂಪನಿಯ ಆನೆ

ಯಲಹಂಕದಿಂದ ರಾಜಾನುಕುಂಟೆಯ ಕಡೆಗೆ ಹೋಗುವ ಹೆದ್ದಾರಿಯನ್ನು ಬಿಟ್ಟು ಒಳದಾರಿ ಹಿಡಿದರೆ, ಹೊಸ ಬಡಾವಣೆಗಳ ನಡುವೆ ಇನ್ನೂ ಊರಾಗಿಯೇ ಉಳಿದಿರುವ ಹಳ್ಳಿಯೊಂದುಂಟು. ಅಲ್ಲಿಯ ದೇವಸ್ಥಾನದ ಮುಂದಣ ಬಯಲಿನಲ್ಲಿ, ಜಾತ್ರೆಯ ರಾತ್ರಿ, ‘ಕುರುಕ್ಷೇತ್ರ’ ನಾಟಕವನ್ನು ನೋಡುವ ಭಾಗ್ಯ ನನಗೆ ಒದಗಿತು. ಅದರ ಗುಂಗು ಇನ್ನೂ ಇಳಿದಿಲ್ಲ. ಬಾಡಿಗೆಗೆ ತಂದ ಡ್ರಾಮಾ ಸೀನರಿ, ಜರಿಯ ಪೋಷಾಕು, ಬಣ್ಣದ ಬಲ್ಬುಗಳ ಕಮಾನು, ರಂಗದ ಒಂದು ಪಕ್ಕದಲ್ಲಿ ಹಾರ್ಮೋನಿಯಂ ಮೇಷ್ಟ್ರು, ಅವರ ಎದುರಿಗೆ ತಬಲದವರು: ಇವುಗಳಲ್ಲಿ ಯಾವೊಂದೂ ತಾನು ಹಸ್ತಿನಾವತಿಯೆಂದು ನಮ್ಮನ್ನು ನಂಬಿಸಲು ಹೊರಟಿರಲಿಲ್ಲ. ಈ ನಾಟಕಗಳಲ್ಲಿ ನಟನಿಗೆ ಸಂಭಾವನೆಯಿಲ್ಲ, ನಟನೇ ಪಾತ್ರಕ್ಕೆ ಹಣ ಕಟ್ಟುತ್ತಾನೆ. ಕೃಷ್ಣನಿಗೂ ದುರ್ಯೋಧನನಿಗೂ ಬೆಲೆ ಹೆಚ್ಚು. ಅಂದಿನ ದುರ್ಯೋಧನನು ಹಗಲೆಲ್ಲ ಟಿಪ್ಪರ್ ಲಾರಿ ಓಡಿಸುವವನೆಂಬುದು ನೆರೆದ ಜನರಿಗೆಲ್ಲ ಗೊತ್ತಿತ್ತು.

ಬೆಳಗಿನ ಜಾವ ಗದಾಯುದ್ಧ ಬಂತು. ಭೀಮನ ಗದೆ ತೊಡೆಗೆ ಗೇಣುದ್ದ ದೂರದಲ್ಲಿಯೇ ನಿಂತಿತು. ಉಳಿದ ಅಂತರವನ್ನು ತಬಲದ ಒಂದೇ ಪೆಟ್ಟು ತುಂಬಿತು. ದುರ್ಯೋಧನನು ಒರಗಿದಂತೆಯೇ ಒಂದು ಕಂದಪದ್ಯವನ್ನು ಎಳೆದು ಹಾಡಿ, ಜನರು ‘ಒನ್ಸ್ ಮೋರ್’ ಎಂದು ಕೂಗಲು ಎದ್ದು ಕುಳಿತು ಮತ್ತೊಮ್ಮೆ ಹಾಡಿ, ಅನಂತರ ಪ್ರಾಣಸಂಕಟಕ್ಕೆ ಮರಳಿದನು. ವಾಸ್ತವತೆಯ ಯಾವ ಮಾನದಂಡಕ್ಕೂ ನಿಲ್ಲದ ದೃಶ್ಯವಿದು. ಆದರೂ ನನ್ನ ಪಕ್ಕದಲ್ಲಿ ಚಾಪೆಯ ಮೇಲಿದ್ದ ಅಜ್ಜಿ ಸೆರಗಿನಿಂದ ಕಣ್ಣೊರಸಿಕೊಂಡು, “ಏನೇ ಮಾಡಿರ್‍ಲಿ, ತೊಡೆಗೆ ಹೊಡೀಬಾರ್ದಿತ್ತು ಕಣಪ್ಪ” ಎಂದರು. ಧರ್ಮಯುದ್ಧದ ಸೂಕ್ಷ್ಮವನ್ನು ಅವರಿಗೆ ಮುಟ್ಟಿಸಲು ರಕ್ತದ ಒಂದು ಹನಿಯೂ ಬೇಕಾಗಿರಲಿಲ್ಲ.

ಇದೇ ‘ಕುರುಕ್ಷೇತ್ರ’ವನ್ನು 1934ರಲ್ಲಿ ಗುಬ್ಬಿ ವೀರಣ್ಣನವರ ಕಂಪನಿ ಆಡಿದಾಗ ಸಜೀವವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಆ ಆನೆಯನ್ನು ನಾನು ಮನಸ್ಸಿನಿಂದ ಓಡಿಸಲಾರದವನಾಗಿದ್ದೇನೆ. ಪೆಟ್ರೋಮ್ಯಾಕ್ಸ್ ದೀಪವನ್ನೇ ಬೆರಗಿನಿಂದ ನೋಡುತ್ತಿದ್ದ ಊರುಗಳ ಜನ, ಪರದೆ ಸರಿದೊಡನೆ ಅಂಥ ಪ್ರಾಣಿ ಉಸಿರಾಡುತ್ತ ನಿಂತಿರುವುದನ್ನು ಕಂಡು ಏನಾಗಿರಬೇಕು! ಅದರ ಭಾರಕ್ಕೆ ಹಲಗೆ ಹಾಸಿದ ರಂಗ ತಡೆಯುವುದೆ? ಚಪ್ಪಾಳೆಗೆ ಬೆದರದಂತೆ ಅದನ್ನು ಪಳಗಿಸಿದ ಮಾವುತನಿಗೂ ಮುಖಕ್ಕೆ ಬಣ್ಣವಿತ್ತೆ? ಅದು ಕಿವಿ ಬೀಸಿದಾಗ ಅರ್ಜುನನ ವಿಷಾದವನ್ನು ಕೇಳಿದವರು ಎಷ್ಟು ಮಂದಿ? ವೀರಣ್ಣನವರ ಸಾಹಸದ ವಿಷಯದಲ್ಲಿ ನನಗೆ ಅಪಾರ ಗೌರವವಿದೆ. ಅಂಥ ಧೈರ್ಯವಿಲ್ಲದೆ ಕನ್ನಡ ರಂಗಭೂಮಿ ಊರೂರು ತಿರುಗಿ ಬಾಳುತ್ತಿರಲಿಲ್ಲ. ಆದರೆ ಸಜೀವವಾದ ಆನೆ ಕಥೆಯೊಳಗಿನ ಆನೆಯಾಗಲಾರದು. ಅದು ಎಲ್ಲಿ ನಿಂತರೂ ಬರಿಯ ಆನೆಯೇ. ನೋಡುವವನ ಕಣ್ಣು ಅದರ ಮೇಲೆಯೇ ನೆಟ್ಟು ಕಥೆಯನ್ನು ಕೈಬಿಡುವುದು.

ಆಶ್ಚರ್ಯವೆಂದರೆ, ಮತ್ತೊಂದು ಬಗೆಯ ವಾಸ್ತವವನ್ನು ನಮಗೆ ಕೊಟ್ಟ ಕೈ ಆ ಕಂಪನಿಯಲ್ಲಿಯೇ ಪಳಗಿತು. ಮನೆ ಬಿಟ್ಟು ಓಡಿಬಂದು ಗುಬ್ಬಿ ಕಂಪನಿಯನ್ನು ಸೇರಿದ ಬಾಲಕ ಬಿ. ವಿ. ಕಾರಂತರು ಮುಂದೆ 1975ರಲ್ಲಿ ‘ಚೋಮನ ದುಡಿ’ ಚಲನಚಿತ್ರವನ್ನು ನಿರ್ದೇಶಿಸಿ ರಾಷ್ಟ್ರದ ಶ್ರೇಷ್ಠ ಚಿತ್ರಕ್ಕೆ ಸಲ್ಲುವ ಸ್ವರ್ಣಕಮಲವನ್ನು ತಂದರು, ಚೋಮನಾಗಿ ಎಂ. ವಿ. ವಾಸುದೇವ ರಾವ್ ರಾಷ್ಟ್ರದ ಶ್ರೇಷ್ಠ ನಟರೆನಿಸಿದರು. ಅಲ್ಲಿ ಬೆರಗುಗೊಳಿಸುವ ವಸ್ತುವೊಂದೂ ಇಲ್ಲ. ಒಂದು ತುಂಡು ಭೂಮಿಯನ್ನು ಉಳಬೇಕೆಂಬ ಅಸ್ಪೃಶ್ಯನ ಆಸೆ, ಸಾಲ, ಹೆಂಡ, ದುಡಿ ಇಷ್ಟೇ ಇರುವುದು. ಆದರೆ ಆ ಚಿತ್ರವನ್ನು ಕಂಡವನು ಗದ್ದೆಯ ಬದಿಯಲ್ಲಿ ದೂರ ಸರಿದು ನಿಲ್ಲುವ ಮನುಷ್ಯನನ್ನು ಮೊದಲಿನಂತೆ ನೋಡಲಾರನು. ಅದಕ್ಕೂ ಮುಂಚೆ 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ ಅಗ್ರಹಾರದ ಒಳಮನೆಗಳನ್ನು ತೆರೆದು ತೋರಿಸಿ, ಸೆನ್ಸಾರಿನ ನಿಷೇಧಕ್ಕೆ ಗುರಿಯಾಗಿ, ಅದನ್ನು ದಾಟಿ ಬಂದು, ರಾಷ್ಟ್ರದ ಶ್ರೇಷ್ಠ ಚಿತ್ರವೆಂಬ ಅದೇ ಮನ್ನಣೆಯನ್ನು ಪಡೆದಿತ್ತು. ವಾಸ್ತವತೆಯ ಪ್ರಯೋಜನವೇನೆಂದು ಕೇಳುವವರಿಗೆ ಈ ಎರಡು ಚಿತ್ರಗಳನ್ನು ತೋರಿಸಿದರೆ ಸಾಕೆಂಬುದು ನನ್ನ ನಂಬಿಕೆ.

ನಮ್ಮ ಕಾಲದ ‘ತಿಥಿ’ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಸುತ್ತಣ ಜನರೇ, ಮೊದಲು ಎಂದೂ ಕ್ಯಾಮೆರಾ ಮುಂದೆ ನಿಲ್ಲದವರೇ, ಅದರಲ್ಲಿ ನಟಿಸಿದರು. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದಕ್ಕೆ ಪುರಸ್ಕಾರವೂ ಬಂತು. ನನಗೆ ಬಹು ಪ್ರಿಯವಾದ ಚಿತ್ರ. ಆದರೆ ಅನಂತರ ಬಂದ ಚಿತ್ರಗಳು ಅಲ್ಲಿಯ ಹಿರಿಯರನ್ನು ಗಡ್ಡಪ್ಪ, ಸೆಂಚುರಿ ಗೌಡ ಎಂಬ ಪಾತ್ರಗಳ ಹೆಸರಿನಿಂದಲೇ ಕರೆದು, ಗಡ್ಡವನ್ನೂ ಬೈಗುಳವನ್ನೂ ನಗೆಗೆ ಬಳಸಿಕೊಂಡಾಗ ನನ್ನ ಮನಸ್ಸು ಮುದುಡಿತು. ನಿಜವಾದ ಮನುಷ್ಯನನ್ನು ಹುಡುಕಿ ತಂದ ಕಲೆಯ ಬೆನ್ನಿಗೇ ಬಂದ ವ್ಯಾಪಾರವು, ಆ ಮನುಷ್ಯನನ್ನು ಅವನದೇ ಅಣಕವನ್ನಾಗಿ ಮಾಡಿಬಿಡಬಲ್ಲದು.

ಇದಕ್ಕಿಂತ ಕ್ರೂರವಾದ ಅಪಾಯಕ್ಕೂ ನಮ್ಮ ನಾಡೇ ಸಾಕ್ಷಿ. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನನನ್ನು ಕುರಿತ ಟಿ.ವಿ. ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಬೆಂಕಿ ಹೊತ್ತಿ 62 ಜನರು ಸತ್ತರು. ಸಂಭ್ರಮದ ದೃಶ್ಯಕ್ಕಾಗಿ ನಿಜವಾದ ಬಾಣಬಿರುಸುಗಳು ಬೇಕಾಗಿದ್ದವು; ನಾಲ್ಕು ಗೋಡೆಗಳ ಒಳಗೆ, ಗೋಣಿತಟ್ಟು ಹೊದಿಸಿದ ಸೆಟ್ಟಿನಲ್ಲಿ, ಬೆಂಕಿಯನ್ನು ಆರಿಸುವ ತಕ್ಕ ವ್ಯವಸ್ಥೆ ಬೇಕೆಂಬುದು ಮಾತ್ರ ಯಾರಿಗೂ ತೋಚಲಿಲ್ಲ.

ಅಂಥ ಎರಡನೆಯ ದುರಂತ, ನಾನು ನಾಟಕ ಕಂಡ ಸೀಮೆಯ ನೀರಿನ ಕಥೆ. ನಂದಿಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿಯು ಯಲಹಂಕದ ಪಶ್ಚಿಮಕ್ಕೆ ಹೆಸರಘಟ್ಟದ ಕೆರೆಯನ್ನು ತುಂಬಿ, ಕೆಳಗೆ ತಿಪ್ಪಗೊಂಡನಹಳ್ಳಿಯ ಜಲಾಶಯವನ್ನು ಸೇರುವುದು. 2016ರ ನವೆಂಬರ್ 7ರಂದು ‘ಮಾಸ್ತಿ ಗುಡಿ’ ಚಿತ್ರಕ್ಕಾಗಿ ಅನಿಲ್, ಉದಯ್ ಎಂಬ ನಟರಿಬ್ಬರು ಹೆಲಿಕಾಪ್ಟರಿನಿಂದ ಆ ಜಲಾಶಯಕ್ಕೆ ಹಾರಿದರು. ಜೀವರಕ್ಷಕ ಜಾಕೆಟ್ ಇರಲಿಲ್ಲ. ಈಜು ಚೆನ್ನಾಗಿ ಬಾರದೆಂದು ಹಾರುವ ಮುನ್ನ ಅವರೇ ಟಿ.ವಿ.ಯವರ ಮುಂದೆ ಹೇಳಿದ್ದರು. ಜೊತೆಯಲ್ಲಿ ಹಾರಿದ ನಾಯಕನಟರು ಬದುಕಿ ಬಂದರು, ಇವರಿಬ್ಬರು ಬರಲಿಲ್ಲ. ಅವರು ಮುಳುಗಿದ್ದನ್ನು ಟಿ.ವಿ. ವಾಹಿನಿಗಳು ಮತ್ತೆ ಮತ್ತೆ ತೋರಿಸಿದವು. ಅದನ್ನು ನಾವು ಮನೆಯಲ್ಲಿ ಕುಳಿತು ನೋಡಿದೆವು ಎಂಬುದನ್ನೂ ಇಲ್ಲಿ ಹೇಳಲೇಬೇಕು.

ಚಿತ್ರವು 2017ರಲ್ಲಿ ತೆರೆ ಕಂಡಿತು. ಆ ಜಿಗಿತಕ್ಕೆ ಎತ್ತರ ಬೇಕಾಗಿದ್ದರೆ, ಕತ್ತರಿಸಿ ಜೋಡಿಸುವ ಸಂಕಲನಕಾರನ ಮೇಜಿನ ಮೇಲೆ ಅದು ದೊರೆಯುತ್ತಿತ್ತು. ನೀರಿಗೆ ಬೀಳುವ ಸದ್ದು ಸ್ಟುಡಿಯೋದಲ್ಲಿ ದೊರೆಯುತ್ತಿತ್ತು. ಮುಖದಲ್ಲಿ ಭಯ ಬೇಕಾಗಿದ್ದರೆ ಅದನ್ನು ತರಬಲ್ಲವರು ನಟರೇ ಆಗಿದ್ದರು. ತೆರೆಯ ಮುಂದೆ ಕುಳಿತವನಿಗೆ ಬೇಕಾದ ಇವಿಷ್ಟರಲ್ಲಿ ಯಾವುದಕ್ಕೂ ಈಜು ಬಾರದವರನ್ನು ಆ ಆಳಕ್ಕೆ ಇಳಿಸಬೇಕಾಗಿರಲಿಲ್ಲ.