ಚಾರ್ಟ್ ನೋಡುವ ನರ್ಸ್‌ಗೆ ಏನೂ ಗೊತ್ತಿಲ್ಲವೆ?

ಕೆಮ್ಮುವ ಮಗುವನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದಾಗ ನರ್ಸ್ ಚಾರ್ಟ್ ತೆರೆದು ಒಂದೊಂದೇ ಪ್ರಶ್ನೆ ಕೇಳುತ್ತಾ ಹೋದರೆ ಮನೆಯವರ ಮುಖ ಗಂಟಿಕ್ಕುತ್ತದೆ: ‘ಇವರಿಗೆ ಬಾರದು, ಪುಸ್ತಕ ನೋಡಿ ಮದ್ದು ಕೊಡ್ತಾರೆ.’ ಆ ಚಾರ್ಟ್ ಐದು ವರ್ಷದೊಳಗಿನ ಮಕ್ಕಳಿಗಾಗಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1990ರ ದಶಕದಲ್ಲಿ ರೂಪಿಸಿದ ಕ್ರಮ. ಭಾರತ ಅದಕ್ಕೆ ನವಜಾತ ಶಿಶುಗಳ ಆರೈಕೆಯನ್ನೂ ಸೇರಿಸಿಕೊಂಡು ಐಎಂಎನ್‌ಸಿಐ ಎಂದು ಕರೆಯಿತು.

ನಂಬಿಕೆ: ಸ್ಟೆತಾಸ್ಕೋಪ್ ಇಡದೆ ನ್ಯುಮೋನಿಯಾ ತಿಳಿಯದು.

ಪುಟ್ಟ ಮಕ್ಕಳಲ್ಲಿ ಉಸಿರಿನ ವೇಗವೇ ಒಳ್ಳೆಯ ಸುಳಿವು ಎಂದು 1980ರ ದಶಕದಲ್ಲಿ ಪಪುವಾ ನ್ಯೂಗಿನಿಯಲ್ಲಿ ಫ್ರಾಂಕ್ ಶಾನ್ ಮತ್ತು ಸಂಗಡಿಗರು ತೋರಿಸಿದರು. ನಿಮಿಷಕ್ಕೆ ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40. ಅಷ್ಟು ಅಥವಾ ಹೆಚ್ಚಿದ್ದರೆ ವೇಗದ ಉಸಿರು. ಅಂಗಿ ಎತ್ತಿ, ಪೂರಾ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ಸಲ್ಲದು. ಮಕ್ಕಳ ಉಸಿರು ಒಂದೇ ಲಯದಲ್ಲಿ ಇರುವುದಿಲ್ಲ.

ನಂಬಿಕೆ: ಚಾರ್ಟ್ ರೋಗದ ಹೆಸರನ್ನು ಖಚಿತವಾಗಿ ಹೇಳುತ್ತದೆ.

ಎಲ್ಲಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಇದೇ. ಮಗು ಈಗ ಎಲ್ಲಿಗೆ ಹೋಗಬೇಕು ಎಂಬುದನ್ನು ಚಾರ್ಟ್ ತೀರ್ಮಾನಿಸುತ್ತದೆ. ಗುಲಾಬಿ ಬಣ್ಣದ ಚೌಕ ಬಂದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ, ಹಳದಿಗೆ ಅಲ್ಲೇ ಔಷಧಿ, ಹಸಿರಿಗೆ ಮನೆಯ ಆರೈಕೆ. ಹಾಲು, ನೀರು ಕುಡಿಯಲಾಗದಿರುವುದು, ಹೊಟ್ಟೆಗೆ ಹೋದದ್ದೆಲ್ಲ ವಾಂತಿಯಾಗುವುದು, ಫಿಟ್ಸ್, ಮಂಪರು: ಇವುಗಳಲ್ಲಿ ಒಂದಿದ್ದರೂ ಸಾಕು, ಹೊರಡಬೇಕು. ಅಸ್ತಮಾದ ಮಗುವಿನ ಉಸಿರೂ ವೇಗವಾಗಿರಬಹುದು. ಅದಕ್ಕೆ ಬೇಡದ ಆ್ಯಂಟಿಬಯೋಟಿಕ್ ಸಿಗಬಹುದು. ನಿಜವಾದ ನ್ಯುಮೋನಿಯಾ ತಪ್ಪಿಹೋಗಬಾರದೆಂದು ಬಲೆಯನ್ನು ಬೇಕೆಂದೇ ಅಗಲವಾಗಿ ಬೀಸಲಾಗಿದೆ. ನನಗೆ ಇದು ಸರಿಯಾದ ಲೆಕ್ಕಾಚಾರವೆನಿಸುತ್ತದೆ, ಬೆಲೆಯಿಲ್ಲದ್ದೇನಲ್ಲ.

ನಂಬಿಕೆ: ಕೇಳಿದ್ದನ್ನೇ ಕೇಳಿ ಸಮಯ ಹಾಳು.

ಭೇದಿಯೆಂದು ಬಂದ ಮಗುವಿಗೂ ಕೆಮ್ಮು, ಜ್ವರ, ಕಿವಿ, ಅಪೌಷ್ಟಿಕತೆ, ರಕ್ತಹೀನತೆ, ಲಸಿಕೆಗಳ ವಿಚಾರಣೆ ನಡೆಯುತ್ತದೆ. ಗಡಿಬಿಡಿಯ ಹೊರರೋಗಿ ವಿಭಾಗದಲ್ಲಿ ಅನುಭವಿ ವೈದ್ಯರೂ ಬಿಟ್ಟುಬಿಡುವುದು ಇವನ್ನೇ. ಹಾಗೆಂದು ಹಾವು ಕಚ್ಚಿದ, ವಿಷ ಕುಡಿದ ಮಗುವಿಗೆ ಈ ಚಾರ್ಟ್ ಹುಡುಕುತ್ತ ಕೂರಬಾರದು; ಅದು ಇದರ ವ್ಯಾಪ್ತಿಯಲ್ಲಿಲ್ಲ.

ನಂಬಿಕೆ: ಮೊಬೈಲ್ ಆ್ಯಪ್ ಆದರೆ ತಪ್ಪಾಗದು.

ಹೆಜ್ಜೆ ತಪ್ಪದಂತೆ ಆ್ಯಪ್ ಕಾಯಬಲ್ಲದು, ನಿಜ. ಆದರೆ ರಚ್ಚೆ ಹಿಡಿದು ಅಳುತ್ತಿರುವ ಎರಡು ವರ್ಷದ ಮಗುವಿನ ಉಸಿರು ಎಣಿಸಿ 48 ಎಂದು ಒತ್ತಿದರೆ, ಅದು ಮರುಮಾತಿಲ್ಲದೆ ನ್ಯುಮೋನಿಯಾ ಎನ್ನುತ್ತದೆ.