ಮಾತು ಹೋದರೂ ಯಜಮಾನಿಕೆ ಉಳಿಯಲಿ

ಮನೆಯ ಹಿರಿಯರಿಗೆ ಪಾರ್ಶ್ವವಾಯು ಬಡಿದಾಗ ಮೊದಲ ವಾರ ಎಲ್ಲರ ಕಣ್ಣೂ ಕೈಕಾಲಿನ ಮೇಲೆಯೇ. ಆಸ್ಪತ್ರೆಯಿಂದ ಮರಳಿ ಚಾವಡಿಯಲ್ಲಿ ಕುಳಿತ ಮೇಲೆ ಇನ್ನೊಂದು ನಷ್ಟ ತಿಳಿಯುತ್ತದೆ. ನೀರು ಕೇಳಲು ಬಾಯಿ ತೆರೆದರೆ ಬೇರಾವುದೋ ಪದ ಬರುತ್ತದೆ. ‘ಸರಿಯಾಗಿ ಹೇಳಿ ಅಜ್ಜ, ಇನ್ನೊಮ್ಮೆ ಹೇಳಿ’ ಎಂದು ಮನೆಯವರು ಒತ್ತಾಯಿಸುತ್ತಾರೆ. ನಾಲ್ಕು ಸಲ ಸೋತ ಅಜ್ಜ ಐದನೆಯ ಸಲ ಗೋಡೆಯ ಕಡೆ ತಿರುಗಿ ಮಲಗುತ್ತಾರೆ. ‘ಅವರಿಗೇ ಮನಸ್ಸಿಲ್ಲ’ ಎಂಬ ಮಾತು ಮನೆಯಲ್ಲಿ ಹುಟ್ಟುವುದು ಆಗಲೇ. ಮೂಡುಬಿದಿರೆ ಸಮೀಪದ ಪುತ್ತಿಗೆಯಲ್ಲಾಗಲಿ, ಬೆಳ್ತಂಗಡಿ, ಬಂಟ್ವಾಳದ ಹಳ್ಳಿಗಳಲ್ಲಾಗಲಿ, ಇಂಥ ಮನೆಗಳಿಗೆ ಮೊದಲು ಬೇಕಾದದ್ದು ಈ ತೊಂದರೆಯ ಪರಿಚಯ.

ಇದರ ಹೆಸರು ಅಫೇಸಿಯಾ. ಸ್ಟ್ರೋಕ್ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಇದು ಬರುತ್ತದೆ. ಬಹುಪಾಲು ಜನರಲ್ಲಿ ಭಾಷೆಯನ್ನು ನಡೆಸುವುದು ಎಡಮೆದುಳು; ಬಲಗೈಯನ್ನು ನಡೆಸುವುದೂ ಅದೇ. ಬಲಗೈ ಸೋತವರ ಮಾತೂ ಹಲವೊಮ್ಮೆ ಸೋಲುವುದು ಅದಕ್ಕೇ. 1861ರಲ್ಲಿ ಪ್ಯಾರಿಸಿನ ವೈದ್ಯ ಪಾಲ್ ಬ್ರೋಕಾ ಕಂಡ ರೋಗಿಯ ಬಾಯಲ್ಲಿ ಹೆಚ್ಚುಕಡಿಮೆ ಉಳಿದಿದ್ದದ್ದು ‘ಟಾನ್’ ಎಂಬ ಒಂದೇ ಸದ್ದು. ಆದರೂ ಎದುರಿನವರ ಮಾತು ಆತನಿಗೆ ಬಹುಮಟ್ಟಿಗೆ ತಿಳಿಯುತ್ತಿತ್ತು. ಕೆಲವರಿಗೆ ಕೇಳಿದ್ದು ಅರ್ಥವಾಗುವುದೂ ಕಷ್ಟವಾಗುತ್ತದೆ, ನಿಜ. ಹಾಗೆಂದು ಅವರು ಬುದ್ಧಿ ಕಳೆದುಕೊಂಡವರಲ್ಲ. ಮಾನ ಅವಮಾನದ ಅರಿವು ಒಳಗೆ ಎಚ್ಚರವಾಗಿಯೇ ಇರುತ್ತದೆ.

ಹಟ್ಟಿಯ ದನವನ್ನು ಕರೆದ ಭಾಷೆ

ನಮ್ಮ ಸೀಮೆಯಲ್ಲಿ ಒಂದೇ ಬಾಯಲ್ಲಿ ಹಲವು ಭಾಷೆ. ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ. ಶಾಲೆ, ಬ್ಯಾಂಕಿನಲ್ಲಿ ಕನ್ನಡ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅಫೇಸಿಯಾ ಚಿಕಿತ್ಸೆಗೆ ಕನ್ನಡದಲ್ಲೇ ಕೈಪಿಡಿ ರೂಪಿಸಿದೆ. ಆದರೆ ಯಾವ ಭಾಷೆ ಮೊದಲು ಮರಳುತ್ತದೆ ಎಂಬುದಕ್ಕೆ ಒಂದೇ ನಿಯಮವಿಲ್ಲ: ಒಬ್ಬರಿಗೆ ಮಡಿಲಲ್ಲಿ ಕಲಿತದ್ದು, ಇನ್ನೊಬ್ಬರಿಗೆ ದಿನವೂ ಬಳಸಿದ್ದು. ಆದ್ದರಿಂದ ವಾಕ್ ಚಿಕಿತ್ಸಕರ ಬಳಿ ಹೋಗುವಾಗ ಅಜ್ಜ ಯಾರೊಡನೆ ಯಾವ ಭಾಷೆ ಆಡುತ್ತಿದ್ದರು, ಹಟ್ಟಿಯ ದನವನ್ನು ಯಾವ ಭಾಷೆಯಲ್ಲಿ ಕರೆಯುತ್ತಿದ್ದರು ಎಂಬುದನ್ನೂ ಹೇಳಿ.

ಮಾತು ಬಾರದವರು ಸಂಜೆಯ ಭಜನೆಗೆ ದನಿಗೂಡಿಸುವುದುಂಟು, ಒಂದರಿಂದ ಹತ್ತು ಎಣಿಸುವುದೂ ಉಂಟು. ‘ಭಜನೆ ಬರುತ್ತದೆ, ಮಾತೇಕೆ ಬಾರದು?’ ಎಂದು ಗದರಬೇಡಿ. ಬಾಯಿಪಾಠವಾದದ್ದಕ್ಕೆ, ರಾಗಕ್ಕೆ ಮೆದುಳಿನ ದಾರಿ ಬೇರೆ. ಆ ದಾರಿಯಿಂದಲೇ ಮಾತನ್ನು ಕರೆತರುವ ಚಿಕಿತ್ಸೆಯನ್ನು 1973ರಲ್ಲೇ ಅಮೆರಿಕದ ತಜ್ಞರು ಪ್ರಕಟಿಸಿದ್ದಾರೆ.

ಹುಮ್ಮಸ್ಸು ಎಲ್ಲಿಂದ ಬರುತ್ತದೆ?

ಉಪದೇಶದಿಂದ ಬರುವುದಿಲ್ಲ. ತನ್ನಿಂದ ಮನೆಯಲ್ಲಿ ಇನ್ನೂ ಏನೋ ನಡೆಯುತ್ತದೆ ಎಂಬ ನಂಬಿಕೆಯಿಂದ ಬರುತ್ತದೆ. ಅಡಿಕೆ ಈಗ ಮಾರುವುದೋ, ಇನ್ನೂ ಇಡುವುದೋ? ಅಜ್ಜನನ್ನೇ ಕೇಳಿ, ತಲೆಯಾಡಿಸಿದರೂ ಅದು ತೀರ್ಮಾನವೇ. ಗಂಜಿ, ದೋಸೆ ಎರಡನ್ನೂ ತೋರಿಸಿ ಆರಿಸಲು ಬಿಡಿ. ಟಿವಿ ನಿಲ್ಲಿಸಿ, ಒಬ್ಬೊಬ್ಬರೇ ಚಿಕ್ಕ ವಾಕ್ಯಗಳಲ್ಲಿ ಮಾತಾಡಿ. ಕೇಳಿದ ಮೇಲೆ ಮನಸ್ಸಿನಲ್ಲಿ ಹತ್ತು ಎಣಿಸುವಷ್ಟು ಕಾಯಿರಿ. ತಡವರಿಸಿದ ಕೂಡಲೇ ಮಾತನ್ನು ಕಸಿಯಬೇಡಿ. ತೋಟ, ಪಂಪು, ಮೊಮ್ಮಕ್ಕಳು, ಮದ್ದಿನ ಡಬ್ಬಿ ಇವುಗಳ ಫೋಟೊ ಅಂಟಿಸಿದ ಒಂದು ಪುಸ್ತಕ ಕೈಗೆಟುಕುವಲ್ಲಿರಲಿ.

ಗುರಿಯೂ ಅವರದೇ ಆಗಿರಲಿ. ಪುತ್ತಿಗೆಯ ಸೋಮನಾಥೇಶ್ವರ ದೇವಸ್ಥಾನದಲ್ಲಿ ಸಂಕಲ್ಪದ ಹೊತ್ತಿಗೆ ಮನೆಮಂದಿಯ ಹೆಸರನ್ನು ತಾನೇ ಹೇಳಬೇಕೆಂಬ ಆಸೆ, ನೂರು ಚಿತ್ರಗಳ ಹೆಸರು ಒಪ್ಪಿಸುವುದಕ್ಕಿಂತ ದೊಡ್ಡ ಪ್ರೇರಣೆ. ಮೊದಲ ತಿಂಗಳುಗಳಲ್ಲಿ ಸುಧಾರಣೆ ಬೇಗ. ಆಮೇಲೆ ನಿಧಾನವಾದರೂ ವರ್ಷಗಳ ಬಳಿಕವೂ ಹೊಸ ಪದ ಮರಳಬಹುದು.

ಇಷ್ಟಾದರೂ ಊಟ ಬೇಡ, ನಿದ್ರೆ ಇಲ್ಲ, ಯಾರೂ ಬೇಡ ಎನ್ನುವಂತಿದ್ದರೆ ಅದನ್ನು ಹಟವೆಂದು ತಿಳಿಯಬೇಡಿ. ಸ್ಟ್ರೋಕಿನ ಬಳಿಕ ಮೂವರಲ್ಲಿ ಒಬ್ಬರನ್ನು ಖಿನ್ನತೆ ಕಾಡುತ್ತದೆ, ಅದಕ್ಕೆ ಔಷಧವಿದೆ, ವೈದ್ಯರಿಗೆ ತಿಳಿಸಿ. ಆರೈಕೆ ಮಾಡಿ ದಣಿದವರು 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ಶಾಶ್ವತವಾಗಿ ಉಳಿದ ಅಫೇಸಿಯಾವನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾತು ಮತ್ತು ಭಾಷೆಯ ವೈಕಲ್ಯವೆಂದು ಗುರುತಿಸಿದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೂ ಅರ್ಜಿ ಹಾಕಬಹುದು.

ಇವತ್ತು ಸಂಜೆ ನೆಂಟರು ಬಂದು ‘ಈಗ ಹೇಗಿದ್ದಾರೆ?’ ಎಂದು ನಿಮ್ಮನ್ನು ಕೇಳಿದರೆ, ಅಜ್ಜನ ಎದುರಿಗೆ ಕುರ್ಚಿ ಹಾಕಿಕೊಟ್ಟು ‘ಅವರನ್ನೇ ಕೇಳಿ’ ಎನ್ನಿ. ಉತ್ತರಕ್ಕೆ ಸ್ವಲ್ಪ ಹೊತ್ತು ಹಿಡಿಯಬಹುದು. ಎಲ್ಲರೂ ಕಾಯಿರಿ.